ಹೊರಡುವ ಮುನ್ನ ಒಂದು ತಕರಾರು

ಅಪಲೇಚಿಯನ್ ಟ್ರೇಲ್ ಎಂಬುದು ಅಮೆರಿಕದ ಪೂರ್ವ ಭಾಗದ ಬೆಟ್ಟಸಾಲಿನ ಮೇಲೆ ಹಾದುಹೋಗುವ ಕಾಲುದಾರಿ. ದಕ್ಷಿಣದ ತುದಿ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟ, ಉತ್ತರದ ತುದಿ ಮೇನ್ ರಾಜ್ಯದ ಕಟಾಡಿನ್ ಶಿಖರ. ನಡುವೆ 14 ರಾಜ್ಯಗಳು, ಸುಮಾರು 3,500 ಕಿಲೋಮೀಟರ್. ಬೆಂಟನ್ ಮೆಕೈ ಎಂಬ ಅರಣ್ಯತಜ್ಞ 1921ರಲ್ಲಿ ವಾಸ್ತುಶಿಲ್ಪಿಗಳ ಪತ್ರಿಕೆಯೊಂದರಲ್ಲಿ ಇಂಥದೊಂದು ದಾರಿಯ ಪ್ರಸ್ತಾಪ ಮುಂದಿಟ್ಟ. 1937ರ ಹೊತ್ತಿಗೆ ದಾರಿ ತುದಿಯಿಂದ ತುದಿಗೆ ಕೂಡಿತು. ಇಡೀ ದಾರಿಯನ್ನು ಹನ್ನೆರಡು ತಿಂಗಳೊಳಗೆ ನಡೆದು ಮುಗಿಸುವುದಕ್ಕೆ ಥ್ರೂ-ಹೈಕ್ ಎನ್ನುತ್ತಾರೆ. ಸಾಮಾನ್ಯವಾಗಿ ಐದರಿಂದ ಏಳು ತಿಂಗಳು ಹಿಡಿಯುತ್ತದೆ. ಹೀಗೆ ಹೊರಟವರಲ್ಲಿ ಮುಗಿಸುವವರು ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು. ಉಳಿದ ಮೂವರು ಕೆಟ್ಟದ್ದು ಸಿದ್ಧತೆ ಸಾಲದೆಯೋ, ಅತಿಯಾಗಿಯೋ ಎಂಬುದು ಮುಗಿಯದ ವಾದ.

ಕೆಳಗಿನ ಮಾತುಕತೆಯಲ್ಲಿ ಒಬ್ಬರು ನಿವೃತ್ತ ಭೂಗೋಳದ ಮೇಷ್ಟ್ರು. ಶಾಲೆಯ ಮಕ್ಕಳನ್ನು ವರ್ಷ ವರ್ಷವೂ ಕುಮಾರ ಪರ್ವತ ಹತ್ತಿಸಿದವರು. ಇನ್ನೊಬ್ಬಳು ಅವರ ತಮ್ಮನ ಮಗಳು. ಉತ್ತರ ಕೆರೊಲಿನಾದಲ್ಲಿ ಸಾಫ್ಟ್‌ವೇರ್ ಕೆಲಸ, ರಜೆಗೆ ಮೈಸೂರಿಗೆ ಬಂದಿದ್ದಾಳೆ, ಬರುವ ಮಾರ್ಚಿನಲ್ಲಿ ಸ್ಪ್ರಿಂಗರ್ ಬೆಟ್ಟದಿಂದ ಹೊರಡುವವಳಿದ್ದಾಳೆ.

ದೊಡ್ಡಪ್ಪ: ಇವು ಮುದಿ ಬೆಟ್ಟಗಳು ಕಣಮ್ಮ. ಕೋಟ್ಯಂತರ ವರ್ಷ ಸವೆದು ತಗ್ಗಿದವು. ನಿನ್ನ ದಾರಿಯಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಯಾವುದು?

ಹುಡುಗಿ: ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲಿರುವ ಕುವೋಹಿ. ಮೊದಲು ಕ್ಲಿಂಗ್‌ಮನ್ಸ್ ಡೋಮ್ ಅಂತಿತ್ತು, 2024ರಲ್ಲಿ ಚೆರೋಕಿ ಜನರ ಹಳೆಯ ಹೆಸರನ್ನೇ ಮತ್ತೆ ಇಟ್ಟರು. 2,025 ಮೀಟರ್.

ದೊಡ್ಡಪ್ಪ: ನಮ್ಮ ಮುಳ್ಳಯ್ಯನಗಿರಿಗಿಂತ ನೂರು ಮೀಟರ್ ಹೆಚ್ಚು, ಅಷ್ಟೇ ತಾನೇ? ಅಲ್ಲಿಗೆ ಜನ ಕಾರಿನಲ್ಲಿ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತಾರೆ.

ಹುಡುಗಿ: ಕುವೋಹಿಯ ಹತ್ತಿರಕ್ಕೂ ಕಾರು ಹೋಗುತ್ತದೆ. ಎತ್ತರ ಅಲ್ಲ ದೊಡ್ಡಪ್ಪ, ಏರಿಳಿತ. ಒಂದು ಗುಡ್ಡ ಹತ್ತಿ, ಕಣಿವೆಗೆ ಪೂರ್ತಿ ಇಳಿದು, ಮತ್ತೆ ಮುಂದಿನ ಗುಡ್ಡ. ದಾರಿಯುದ್ದಕ್ಕೂ ಹತ್ತಿದ್ದನ್ನೆಲ್ಲ ಕೂಡಿಸಿದರೆ ಸುಮಾರು 1,41,000 ಮೀಟರ್. ಕುಕ್ಕೆಯಿಂದ ಕುಮಾರ ಪರ್ವತ ಎಂಬತ್ತಕ್ಕೂ ಹೆಚ್ಚು ಸಲ ಹತ್ತಿದಷ್ಟು.

ದೊಡ್ಡಪ್ಪ: ಹಾಗಾದರೆ ಎಂಬತ್ತು ಸಲ ಯಾಕೆ ಒಂದೇ ಉಸಿರಿಗೆ? ಆ ಮೆಕೈ ಬಯಸಿದ್ದು ಇದಲ್ಲವಲ್ಲ. ಪಟ್ಟಣದಲ್ಲಿ ದುಡಿದು ಬೇಸತ್ತವರು ನಾಲ್ಕು ದಿನ ಬೆಟ್ಟದಲ್ಲಿ ಉಸಿರಾಡಲಿ ಅಂತ ಆತ ದಾರಿ ಕೇಳಿದ್ದು. ತುದಿಯಿಂದ ತುದಿಗೆ ಓಡಿ ಅಂತ ಅಲ್ಲ. ವರ್ಷಕ್ಕೆ ಎರಡು ವಾರ ರಜೆ ಹಾಕಿ ತುಂಡು ತುಂಡಾಗಿ ನಡೆ. ಅದನ್ನೂ ಪೂರ್ತಿ ನಡಿಗೆ ಅಂತಲೇ ಒಪ್ಪುತ್ತಾರಂತಲ್ಲ.

ಹುಡುಗಿ: ಒಪ್ಪುತ್ತಾರೆ. ದಾರಿ ನೋಡಿಕೊಳ್ಳುವ ಸಂಸ್ಥೆಯ ಪಟ್ಟಿಯಲ್ಲಿ ಒಂದೇ ಸಲಕ್ಕೆ ನಡೆದವರೂ ಮೂವತ್ತು ವರ್ಷ ತುಂಡು ಮಾಡಿ ನಡೆದವರೂ ಒಂದೇ ಸಾಲಿನಲ್ಲಿದ್ದಾರೆ. ಆದರೆ ಎರಡು ವಾರದ ನಡಿಗೆಯಲ್ಲಿ ಮೊದಲ ವಾರ ಮೈನೋವು, ಎರಡನೇ ವಾರ ಆಫೀಸಿನ ಯೋಚನೆ. 1948ರಲ್ಲಿ ಅರ್ಲ್ ಶಾಫರ್ ಮೊಟ್ಟಮೊದಲು ಇಡೀ ದಾರಿಯನ್ನು ಒಂದೇ ಸಲಕ್ಕೆ ನಡೆದ. ಯುದ್ಧದಿಂದ ವಾಪಸು ಬಂದವನು, ಬಾಲ್ಯದ ಗೆಳೆಯನನ್ನು ಅಲ್ಲಿ ಕಳೆದುಕೊಂಡಿದ್ದ. ಅವನ ಸಂಕಟ ಎರಡು ವಾರದ ರಜೆಯಲ್ಲಿ ಕರಗುವಂಥದ್ದಾಗಿತ್ತಾ?

ದೊಡ್ಡಪ್ಪ: ಅವನಿಗೆ ಯುದ್ಧ ಇತ್ತು. ನಿನಗೇನಿದೆ?

ಹುಡುಗಿ: ಆಸೆ ಇದೆ. ಸಾಲದಾ?

ಈ ಪ್ರಶ್ನೆಗೆ ಮೇಷ್ಟ್ರು ಉತ್ತರ ಕೊಡಲಿಲ್ಲ. ಕಾರಣ ಯಾವುದೇ ಇರಲಿ, ಇಂಥ ನಡಿಗೆಯ ಮೊದಲ ಸಿದ್ಧತೆ ಕಾಗದಪತ್ರ ಮತ್ತು ಹಣದ್ದು. ಅಮೆರಿಕದಲ್ಲಿರುವ ಕನ್ನಡಿಗರಿಗೆ ಬೆಟ್ಟಕ್ಕಿಂತ ಮೊದಲು ಅಡ್ಡ ಬರುವುದು ಇದೇ. ಎಚ್-1ಬಿ ವೀಸಾದ ಮೇಲೆ ದುಡಿಯುವವರು ಕೆಲಸ ಬಿಟ್ಟರೆ ದೇಶದಲ್ಲಿರಲು ಸಿಗುವ ಅವಕಾಶ ಹೆಚ್ಚೆಂದರೆ 60 ದಿನ. ಆರು ತಿಂಗಳು ಕಾಡಿನಲ್ಲಿ ನಡೆಯುತ್ತೇನೆ ಎನ್ನುವ ಮಾತು ಅಲ್ಲಿಗೇ ನಿಲ್ಲುತ್ತದೆ. ಬೆಂಗಳೂರಿನಿಂದಲೇ ಪ್ರವಾಸಿ ವೀಸಾದಲ್ಲಿ ಹೋಗುವವರಿಗೆ ವಿಮಾನ ನಿಲ್ದಾಣದಲ್ಲಿ ಸಾಮಾನ್ಯವಾಗಿ ಆರು ತಿಂಗಳ ವಾಸದ ಅನುಮತಿ ಸಿಗುತ್ತದೆ. ನಡಿಗೆಗೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಕಾಲು ಉಳುಕಿ ಹದಿನೈದು ದಿನ ಕೂತರೆ ಲೆಕ್ಕ ತಪ್ಪುತ್ತದೆ.

ಹುಡುಗಿ: ನನಗೆ ಗ್ರೀನ್ ಕಾರ್ಡ್ ಬಂದಿದೆ, ಅದಕ್ಕೇ ಈ ವರ್ಷ. ಜೊತೆಯಲ್ಲಿ ಬರಬೇಕಿದ್ದವಳಿಗೆ ಇನ್ನೂ ಬಂದಿಲ್ಲ, ಅವಳು ಬರುತ್ತಿಲ್ಲ.

ದೊಡ್ಡಪ್ಪ: ಖರ್ಚು?

ಹುಡುಗಿ: ದಾರಿಯಲ್ಲಿ ತಿಂಗಳಿಗೆ ಸಾವಿರ ಡಾಲರ್ ಅನ್ನುವುದು ನಡೆಯುವವರ ರೂಢಿಯ ಅಂದಾಜು. ಸಾಮಾನಿಗೆ ಬೇರೆ. ಕಾಡಿನಲ್ಲಿ ಮಲಗುವುದಕ್ಕೆ ದುಡ್ಡಿಲ್ಲ. ಖರ್ಚಾಗುವುದೆಲ್ಲ ಊರಿಗೆ ಇಳಿದಾಗ. ಒಂದು ಬಿಸಿನೀರಿನ ಸ್ನಾನ, ಒಂದು ಹಾಸಿಗೆ, ಒಂದು ಪಿಜ್ಜಾ.

ದೊಡ್ಡಪ್ಪ: ಹಾಗಾದರೆ ಆರು ತಿಂಗಳಿಗಲ್ಲ, ಎಂಟು ತಿಂಗಳಿಗೆ ದುಡ್ಡಿಡು. ವಾಪಸು ಬಂದ ಮಾರನೇ ದಿನ ಯಾರೂ ಕೆಲಸ ಕೊಡುವುದಿಲ್ಲ. ಇದರಲ್ಲಿ ವಾದ ಬೇಡ.

ಹುಡುಗಿ: ಇದರಲ್ಲಿ ವಾದ ಮಾಡುವುದಿಲ್ಲ.

ದೊಡ್ಡಪ್ಪ: ಇನ್ನು ದೇಹ. ದಿನಾ ಎಷ್ಟು ನಡೆಯುತ್ತಿದ್ದೀಯ? ಇವತ್ತಿನಿಂದಲೇ ಬೆನ್ನಿಗೆ ಹದಿನೈದು ಕಿಲೋ ಅಕ್ಕಿ ಕಟ್ಟಿಕೊಂಡು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿ.

ಹುಡುಗಿ: ಹತ್ತುತ್ತೇನೆ. ಆದರೆ ಆರು ತಿಂಗಳು ದಿನಾ ಎಂಟು ಗಂಟೆ ನಡೆಯುವುದಕ್ಕೆ ಕೆಲಸದಲ್ಲಿರುವವರು ಮನೆಯಲ್ಲಿ ಹೇಗೆ ತಯಾರಾಗುತ್ತಾರೆ? ದೇಹವನ್ನು ದಾರಿಯೇ ತಿದ್ದುತ್ತದೆ ಅನ್ನುತ್ತಾರೆ ನಡೆದವರು. ಮೊದಲ ತಿಂಗಳೇ ತರಬೇತಿ.

ದೊಡ್ಡಪ್ಪ: ಇದು ಸೋಮಾರಿಗಳ ಮಾತು. ಉಸಿರು, ಸ್ನಾಯು ಕೆಲವು ವಾರದಲ್ಲಿ ಪಳಗುತ್ತವೆ, ನಿಜ. ಸ್ನಾಯುರಜ್ಜು, ಮೂಳೆ ಪಳಗುವುದಕ್ಕೆ ತಿಂಗಳುಗಳೇ ಬೇಕು. ಗಟ್ಟಿಮುಟ್ಟಾದ ಹುಡುಗರೇ ಮೊದಲು ಕುಂಟುವುದು ಯಾಕೆ ಗೊತ್ತಾ? ಉಸಿರಿಗೆ ತಾಕತ್ತಿದೆ ಅಂತ ಓಡುತ್ತಾರೆ, ಹಿಮ್ಮಡಿಯ ಮೇಲಿನ ರಜ್ಜು ಊದಿಕೊಳ್ಳುತ್ತದೆ. ಮುಂಗಾಲಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ.

ಹುಡುಗಿ: ಅದಕ್ಕೇ ಮೊದಲ ಎರಡು ವಾರ ದಿನಕ್ಕೆ ಹದಿಮೂರರಿಂದ ಹದಿನಾರು ಕಿಲೋಮೀಟರ್ ಮೀರಬಾರದು ಅಂತ ಲೆಕ್ಕ ಹಾಕಿದ್ದೇನೆ. ಮೆಟ್ಟಿಲು ಹತ್ತುವುದರಿಂದ ಕಾಲು ಬಲವಾಗುತ್ತದೆ, ನಿಧಾನ ಬರುವುದಿಲ್ಲ. ನಿಧಾನಕ್ಕೆ ನಡೆಯುವುದನ್ನೂ ಕಲಿಯಬೇಕಲ್ಲ.

ದೊಡ್ಡಪ್ಪ: ಎರಡನ್ನೂ ಮಾಡು ಅಂದೆ ನಾನು.

ದೇಹದ ವಿಷಯದಲ್ಲಿ ಹಿರಿಯರು ಸಿದ್ಧತೆಯ ಪಕ್ಷ, ಕಿರಿಯಳು ದಾರಿಯ ಪಕ್ಷ. ಬೆನ್ನಚೀಲದ ಮಾತು ಬಂದಾಗ ಇಬ್ಬರೂ ಜಾಗ ಬದಲಿಸಿದರು. ಅನ್ನ, ನೀರು, ಇಂಧನ ಬಿಟ್ಟು ಚೀಲದಲ್ಲಿ ಉಳಿದದ್ದರ ತೂಕವನ್ನು ಬೇಸ್ ವೇಟ್ ಎಂದು ಕರೆಯುವ ರೂಢಿ. ನಾಲ್ಕೂವರೆ ಕಿಲೋ ಒಳಗಿದ್ದರೆ ಅತಿ ಹಗುರ. ಒಂಬತ್ತು ಕಿಲೋ ಮೀರಿದರೆ ಈಗಿನವರ ಕಣ್ಣಿಗೆ ಹೊರೆ. ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಚಮಚದಿಂದ ಹಿಡಿದು ಡೇರೆಯ ಗೂಟದವರೆಗೆ ಎಲ್ಲದರ ತೂಕ ಗ್ರಾಂ ಲೆಕ್ಕದಲ್ಲಿದೆ.

ದೊಡ್ಡಪ್ಪ: ಇದೇನು, ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿದ್ದೀಯ? ಎಮ್ಮಾ ಗೇಟ್‌ವುಡ್ ಅನ್ನುವ ಅಜ್ಜಿಯ ಬಗ್ಗೆ ನೀನೇ ಹೇಳಿದ್ದೆ. 1955ರಲ್ಲಿ, 67ನೇ ವಯಸ್ಸಿನಲ್ಲಿ, ಹನ್ನೊಂದು ಮಕ್ಕಳನ್ನು ಹೆತ್ತು ಬೆಳೆಸಿದ ಮೇಲೆ, ಕ್ಯಾನ್ವಾಸ್ ಶೂ ಹಾಕಿಕೊಂಡು ಇಡೀ ದಾರಿ ನಡೆದಳಲ್ಲ. ಕೈಯಲ್ಲೇ ಹೊಲಿದ ಒಂದು ಬಟ್ಟೆಚೀಲ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಡೇರೆ ಇಲ್ಲ. ಮಕ್ಕಳಿಗೆ ಒಂದಿಷ್ಟು ನಡೆದು ಬರುತ್ತೇನೆ ಅಂದು ಹೊರಟವಳು. ಅವಳ ಹತ್ತಿರ ಗ್ರಾಂ ಲೆಕ್ಕ ಇತ್ತಾ?

ಹುಡುಗಿ: ಚೀಲ ಹಗುರ ಇತ್ತಲ್ಲ, ಅದೇ ಲೆಕ್ಕ. ಇನ್ನೊಂದು ವಿಷಯ ನೀವು ಮರೆತಿರಿ. ಹಿಂದಿನ ವರ್ಷ, 1954ರಲ್ಲಿ ಮೇನ್ ಕಡೆಯಿಂದ ಹೊರಟಾಗ ದಾರಿ ತಪ್ಪಿ, ಕನ್ನಡಕ ಒಡೆದು, ರೇಂಜರುಗಳ ಮಾತು ಕೇಳಿ ಮನೆಗೆ ವಾಪಸಾದವಳು ಅವಳು. ಮರುವರ್ಷ ಗೆದ್ದಳು. ಅದೂ ಹೊಲದಲ್ಲಿ ಜೀವನವಿಡೀ ದುಡಿದ ಮೈ. ನಾನು ಕುರ್ಚಿಯಲ್ಲಿ ಕೂತು ದುಡಿಯುವವಳು. ಅವಳ ಹತ್ತಿರ ಮೈಯಿತ್ತು, ನನ್ನ ಹತ್ತಿರ ತಕ್ಕಡಿ ಇದೆ.

ದೊಡ್ಡಪ್ಪ: ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆಯುವವರನ್ನು ನೋಡಿದ್ದೀಯ? ಚಾರ್ಮಾಡಿ ಘಾಟಿ ಇಳಿಯುವಾಗ ಹೆಗಲಿಗೊಂದು ಸಣ್ಣ ಚೀಲ, ಅಷ್ಟೇ. ಎಷ್ಟೋ ಜನ ಬರಿಗಾಲು.

ಹುಡುಗಿ: ಅವರಿಗೆ ದಾರಿಯುದ್ದಕ್ಕೂ ಮಜ್ಜಿಗೆ, ಊಟ, ಮಲಗಲು ಛತ್ರ ಕೊಡುವ ಜನ ಇದ್ದಾರೆ. ಅಲ್ಲೂ ಇದ್ದಾರೆ, ಇಲ್ಲ ಅನ್ನಲ್ಲ. ರಸ್ತೆ ಅಡ್ಡ ಬರುವ ಕಡೆ ಗುರುತಿಲ್ಲದವರು ಹಣ್ಣು, ತಂಪು ಪಾನೀಯ ಇಟ್ಟು ಹೋಗುತ್ತಾರೆ. ಟ್ರೇಲ್ ಮ್ಯಾಜಿಕ್ ಅಂತಾರೆ. ಆದರೆ ಅದನ್ನು ನಂಬಿ ಹೊರಡುವ ಹಾಗಿಲ್ಲ. ಮಾರ್ಚಿನಲ್ಲಿ ಜಾರ್ಜಿಯಾದ ಬೆಟ್ಟದಲ್ಲಿ ಹಿಮ ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದು ನಾಲ್ಕೈದು ಡಿಗ್ರಿ ಚಳಿಯಲ್ಲಿ ಇಡೀ ದಿನ ಸುರಿಯುವ ಮಳೆ.

ದೊಡ್ಡಪ್ಪ: ಅದನ್ನು ಹೇಳು. ಒದ್ದೆ ಬಟ್ಟೆಯಲ್ಲಿ ಮೈಯ ಕಾವು ಇಳಿಯುತ್ತದೆ. ಹತ್ತಿ ಬಟ್ಟೆ ಒಂದೂ ಬೇಡ.

ಹುಡುಗಿ: ಒಂದೂ ಇಲ್ಲ. ಎಲ್ಲ ಉಣ್ಣೆ, ಪಾಲಿಯೆಸ್ಟರ್. ಸ್ಲೀಪಿಂಗ್ ಬ್ಯಾಗ್ ಮೈನಸ್ ಆರು ಡಿಗ್ರಿಯದ್ದು. ಅದು ಒದ್ದೆಯಾದರೆ ಕೆಟ್ಟೆ, ಅದಕ್ಕೇ ಚೀಲದೊಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ. ಮಲಗುವಾಗ ಹಾಕುವ ಒಣ ಬಟ್ಟೆ ಬೇರೆ. ಎಷ್ಟೇ ಚಳಿಯಿದ್ದರೂ ಬೆಳಿಗ್ಗೆ ಹಿಂದಿನ ದಿನದ ಒದ್ದೆ ಬಟ್ಟೆಯನ್ನೇ ಹಾಕಿಕೊಂಡು ಹೊರಡಬೇಕು.

ದೊಡ್ಡಪ್ಪ: ಕಾಲಿಗೆ?

ಹುಡುಗಿ: ಟ್ರೇಲ್ ರನ್ನರ್ ಶೂ. ಬೇಗ ಒಣಗುತ್ತದೆ. ಅರ್ಧ ಅಳತೆ ದೊಡ್ಡದು ತಗೊಂಡಿದ್ದೇನೆ, ನಡೆದೂ ನಡೆದೂ ಪಾದ ಊದಿ ಅಗಲವಾಗುತ್ತದೆ. ಸುಮಾರು ಎಂಟುನೂರು ಕಿಲೋಮೀಟರಿಗೆ ಒಂದು ಜೊತೆ ಸವೆಯುತ್ತದೆ.

ದೊಡ್ಡಪ್ಪ: ಕಣಕಾಲಿಗೆ ಆಸರೆ ಬೇಕು. ಬೂಟೇ ಸರಿ.

ಹುಡುಗಿ: ಬೂಟು ಒಂದು ಸಲ ನೆನೆದರೆ ಮೂರು ದಿನ ಒದ್ದೆ. ಒದ್ದೆ ಚರ್ಮಕ್ಕೆ ಬೊಬ್ಬೆ.

ಈ ಜಗಳ ನಡೆಯುವವರ ನಡುವೆಯೂ ಮುಗಿದಿಲ್ಲ, ಇಲ್ಲೂ ಮುಗಿಯಲಿಲ್ಲ. ಊಟದ ಮಾತಿನಲ್ಲಿ ಮಾತ್ರ ಮೇಷ್ಟ್ರ ಕೈ ಮೇಲಾಯಿತು. ಬೆಟ್ಟದಲ್ಲಿ ದಿನವಿಡೀ ನಡೆಯುವವರ ಮೈ ನಾಲ್ಕು ಸಾವಿರ ಕ್ಯಾಲೊರಿ ಮೀರಿ ಸುಡುತ್ತದೆ. ಹೊರಲಾಗುವುದು ದಿನಕ್ಕೆ ಏಳೆಂಟುನೂರು ಗ್ರಾಂ ಆಹಾರ. ಪಿಷ್ಟದ ಒಂದು ಗ್ರಾಮಿಗೆ ನಾಲ್ಕು ಕ್ಯಾಲೊರಿ, ಜಿಡ್ಡಿನ ಒಂದು ಗ್ರಾಮಿಗೆ ಒಂಬತ್ತು. ಅಮೆರಿಕದವರು ಈ ಕಾರಣಕ್ಕೇ ಕಡಲೆಕಾಯಿ ಬೆಣ್ಣೆಯನ್ನು ಡಬ್ಬಿಯಿಂದಲೇ ಚಮಚದಲ್ಲಿ ತಿನ್ನುತ್ತ ನಡೆಯುತ್ತಾರೆ.

ದೊಡ್ಡಪ್ಪ: ಗೊಜ್ಜವಲಕ್ಕಿ ಪುಡಿ ಮಾಡಿಸಿಕೊಂಡು ಹೋಗು. ಒಲೆ ಬೇಡ, ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಆಯಿತು. ಬೆಳಿಗ್ಗೆಗೆ ರಾಗಿ ಹುರಿಹಿಟ್ಟು, ಬೆಲ್ಲ. ಎಲ್ಲದಕ್ಕೂ ಮೇಲೆ ತುಪ್ಪ. ನಿನ್ನ ಒಂಬತ್ತು ಕ್ಯಾಲೊರಿ ತುಪ್ಪದಲ್ಲೇ ಇದೆ.

ಹುಡುಗಿ: ತಣ್ಣೀರಲ್ಲಿ ನೆನೆಸಿ ತಿನ್ನುವುದು ಅಲ್ಲಿ ಈಗ ದೊಡ್ಡ ಫ್ಯಾಷನ್. ಒಲೆ, ಗ್ಯಾಸ್ ಎರಡರ ತೂಕವೂ ಉಳಿಯುತ್ತದೆ.

ದೊಡ್ಡಪ್ಪ: ನಮ್ಮ ಅಜ್ಜಿಯರ ಫ್ಯಾಷನ್. ಹಾಗಾದರೆ ಆರು ತಿಂಗಳದ್ದನ್ನೂ ಈಗಲೇ ಪೊಟ್ಟಣ ಕಟ್ಟಿ, ದಾರಿಯ ಅಂಚೆ ಕಚೇರಿಗಳಿಗೆ ಕಳಿಸುವ ಏರ್ಪಾಡು ಮಾಡು.

ಹುಡುಗಿ: ಹಾಗೆ ಮಾಡಿದವರಿದ್ದಾರೆ. ಎರಡನೇ ತಿಂಗಳಿಗೆ ಆ ರುಚಿ ನೋಡಿದರೆ ವಾಕರಿಕೆ ಬರುತ್ತದಂತೆ. ಪೊಟ್ಟಣ ಬಂದ ದಿನ ಅಂಚೆ ಕಚೇರಿ ಮುಚ್ಚಿದ್ದರೆ ಅಲ್ಲೇ ಕಾಯಬೇಕು. ಮೂರರಿಂದ ಐದು ದಿನಕ್ಕೊಂದು ಊರು ಸಿಗುತ್ತದೆ. ಹಯವಾಸಿ, ಫ್ರಾಂಕ್ಲಿನ್, ಹಾಟ್ ಸ್ಪ್ರಿಂಗ್ಸ್, ಡಮಾಸ್ಕಸ್. ಅಲ್ಲಿನ ಅಂಗಡಿಯಲ್ಲಿ ಸಿಕ್ಕಿದ್ದು ತಗೊಳ್ಳುತ್ತೇನೆ. ಅವಲಕ್ಕಿ ಮೊದಲ ತಿಂಗಳಿಗೆ ಸಾಕು.

ದೊಡ್ಡಪ್ಪ: ಕರಡಿ?

ಹುಡುಗಿ: ಕಪ್ಪು ಕರಡಿ ಇದೆ. ಅದಕ್ಕೆ ಬೇಕಾದ್ದು ನಾನಲ್ಲ, ನಿಮ್ಮ ತುಪ್ಪ. ಜಾರ್ಜಿಯಾದ ಬ್ಲಡ್ ಬೆಟ್ಟದ ಹತ್ತಿರ ಮಾರ್ಚ್ 1ರಿಂದ ಜೂನ್ 1ರವರೆಗೆ ರಾತ್ರಿ ತಂಗುವವರು ಕರಡಿ ತೆರೆಯಲಾಗದ ಗಟ್ಟಿ ಡಬ್ಬಿ ಇಟ್ಟುಕೊಳ್ಳಲೇಬೇಕೆಂದು ಕಾನೂನಿದೆ. ಅದೊಂದೇ ಸುಮಾರು ಒಂದು ಕಿಲೋ. ಕರಡಿಗಿಂತ ಹೆಚ್ಚು ಕಾಟ ತಂಗುಮನೆಯ ಇಲಿಗಳದ್ದು. ಅದಕ್ಕಿಂತ ಹೆಚ್ಚು ಅಪಾಯ ಉಣ್ಣೆಹುಳುವಿನದ್ದು, ಲೈಮ್ ರೋಗ ತರುತ್ತದೆ. ಸಂಜೆ ಮೈ ಹುಡುಕಿಕೊಳ್ಳಬೇಕು. ಇನ್ನು ವಾಂತಿಭೇದಿ. ನೋರೊವೈರಸ್ ತಂಗುಮನೆಗಳಲ್ಲಿ ಬೇಗ ಹಬ್ಬುತ್ತದೆ, ಸ್ಯಾನಿಟೈಸರಿಗೆ ಅದು ಅಷ್ಟಾಗಿ ಬಗ್ಗುವುದಿಲ್ಲ, ಸೋಪೇ ಬೇಕು.

ದೊಡ್ಡಪ್ಪ: ನೀರು?

ಹುಡುಗಿ: ಫಿಲ್ಟರ್. ಅದರೊಳಗಿನ ಎಳೆಗಳು ಒಂದು ರಾತ್ರಿ ಹೆಪ್ಪುಗಟ್ಟಿದರೂ ಒಡೆಯುತ್ತವೆ, ಹೊರಗಿಂದ ಗೊತ್ತಾಗುವುದಿಲ್ಲ. ಚಳಿಯ ರಾತ್ರಿ ಪಕ್ಕದಲ್ಲೇ ಮಲಗಿಸಿಕೊಳ್ಳಬೇಕು.

ದೊಡ್ಡಪ್ಪ: ಇದು ಓದಿ ಕಲಿತದ್ದು ತಾನೇ? ಮತ್ತೆ ದಾರಿಯೇ ಎಲ್ಲ ಕಲಿಸುತ್ತದೆ ಅಂದೆಯಲ್ಲ.

ಹುಡುಗಿ ನಕ್ಕು ಸುಮ್ಮನಾದಳು. ಹೊರಡುವ ದಿನದ ಲೆಕ್ಕ ಬಾಕಿಯಿತ್ತು. ಉತ್ತರಕ್ಕೆ ನಡೆಯುವವರಲ್ಲಿ ಬಹುಪಾಲು ಮಾರ್ಚ್ ಮತ್ತು ಏಪ್ರಿಲ್ ಮೊದಲ ಭಾಗದಲ್ಲಿ ಹೊರಡುತ್ತಾರೆ. ಬೇಗ ಹೊರಟರೆ ಹಿಮ, ತಡವಾದರೆ ಮೇನ್ ತಲುಪುವಾಗ ಮತ್ತೆ ಹಿಮ. ಮಾರ್ಚ್ 1, ಏಪ್ರಿಲ್ 1ರಂಥ ದಿನಗಳಲ್ಲಿ ಜನ ಮುಗಿಬೀಳುತ್ತಾರೆ. ಕಾಲ್ತುಳಿತದಿಂದ ದಾರಿಯ ಬದಿ ಬೋಳಾಗದಿರಲೆಂದು ಹೊರಡುವ ದಿನವನ್ನು ಮುಂಚೆ ನೋಂದಾಯಿಸಿ ಎಂದು ಸಂಸ್ಥೆ ಕೇಳುತ್ತದೆ. ಶುಲ್ಕವಿಲ್ಲ, ಕಡ್ಡಾಯವೂ ಅಲ್ಲ.

ಹುಡುಗಿ: ಮಾರ್ಚ್ ನಡುವೆ ಒಂದು ಮಂಗಳವಾರ ನೋಡಿದ್ದೇನೆ. ವಾರದ ನಡುವೆ ಜನ ಕಡಿಮೆ.

ದೊಡ್ಡಪ್ಪ: ಮಂಗಳವಾರ ನಮ್ಮ ಮನೆಯಿಂದ ಯಾರೂ ದೂರ ಹೊರಡುವುದಿಲ್ಲ. ಬುಧವಾರವೂ ವಾರದ ನಡುವೆಯೇ ಇದೆ.

ಹುಡುಗಿ: ಸರಿ, ಬುಧವಾರ.

ದೊಡ್ಡಪ್ಪ: ಮೊದಲ ದಿನ ಎಲ್ಲಿಂದ?

ಹುಡುಗಿ: ಸ್ಪ್ರಿಂಗರ್ ನೆತ್ತಿಗೆ ವಾಹನ ಹೋಗುವುದಿಲ್ಲ. ಎರಡು ದಾರಿ ಇದೆ. ಒಂದು, ಅಮಿಕಲೋಲಾ ಜಲಪಾತದ ಪಕ್ಕದ 604 ಮೆಟ್ಟಿಲು ಹತ್ತಿ ಹದಿನಾಲ್ಕು ಕಿಲೋಮೀಟರ್ ನಡೆದು ನೆತ್ತಿ ಸೇರುವುದು. ಇದು ಮುಖ್ಯ ದಾರಿಯ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು, ಅರಣ್ಯ ಇಲಾಖೆಯ ಮಣ್ಣುರಸ್ತೆಯಲ್ಲಿ ಹೋಗಿ ಒಂದೂವರೆ ಕಿಲೋಮೀಟರ್ ಹತ್ತಿ, ನೆತ್ತಿ ಮುಟ್ಟಿ, ಅದೇ ದಾರಿಯಲ್ಲಿ ತಿರುಗುವುದು.

ದೊಡ್ಡಪ್ಪ: ಲೆಕ್ಕಕ್ಕಿಲ್ಲದ ಹದಿನಾಲ್ಕು ಕಿಲೋಮೀಟರ್ ಯಾಕೆ ದಂಡ? ಕಾಲು ಉಳಿಸಿಕೋ.

ಹುಡುಗಿ: ಈಗ ಮೆಟ್ಟಿಲು ಬೇಡ ಅನ್ನುತ್ತಿರುವವರು ನೀವು. ಜಲಪಾತದ ಕಚೇರಿಯಲ್ಲಿ ಹೆಸರು ಬರೆಸಿದರೆ ಚೀಲವನ್ನು ತೂಗಿ ನೋಡಬಹುದು. ಮುಂದಿನದ್ದು ಸುಲಭ, ದಾರಿ ತಪ್ಪುವುದು ಕಡಿಮೆ. ಮರಗಳ ಮೇಲೆ ಎರಡು ಇಂಚು ಅಗಲ, ಆರು ಇಂಚು ಉದ್ದದ ಬಿಳಿ ಪಟ್ಟೆ ಬಳಿದಿರುತ್ತಾರೆ, ಕಟಾಡಿನ್‌ವರೆಗೂ ಅದೇ ಗುರುತು. ನೀಲಿ ಪಟ್ಟೆಯಿದ್ದರೆ ನೀರಿಗೋ ತಂಗುಮನೆಗೋ ಹೋಗುವ ಕವಲು.

ದೊಡ್ಡಪ್ಪ: ಒಬ್ಬಳೇ ಅನ್ನುವುದು ನಿನ್ನ ಅಮ್ಮನ ಚಿಂತೆ. ನನಗೂ ಇದೆ.

ಹುಡುಗಿ: ಮಾರ್ಚಿನಲ್ಲಿ ಅಲ್ಲಿ ಒಬ್ಬಳೇ ಇರುವುದು ಕಷ್ಟ, ಪ್ರತಿ ತಂಗುಮನೆಯಲ್ಲೂ ಜನ. ಫೋನ್ ಸಿಗ್ನಲ್ ಇಲ್ಲದ ಕಡೆಗೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಇದೆ. ದಿನಾ ಸಂಜೆ ಎಲ್ಲಿದ್ದೇನೆ ಅಂತ ಅಮ್ಮನಿಗೆ ಹೋಗುತ್ತದೆ.

ದೊಡ್ಡಪ್ಪ: ಎಷ್ಟು ಜನ ಮೊದಲ ವಾರದಲ್ಲೇ ಬಿಡುತ್ತಾರೆ?

ಹುಡುಗಿ: ಬಿಡುವವರಿದ್ದಾರೆ. ಸುಮಾರು ಐವತ್ತು ಕಿಲೋಮೀಟರಿಗೆ ನೀಲ್ ಗ್ಯಾಪ್ ಬರುತ್ತದೆ, ಅಲ್ಲಿ ದಾರಿ ಒಂದು ಕಲ್ಲಿನ ಕಟ್ಟಡದ ಒಳಗಿನಿಂದಲೇ ಹಾದು ಹೋಗುತ್ತದೆ. ಅದರಲ್ಲೇ ಚಾರಣ ಸಾಮಾನಿನ ಅಂಗಡಿ. ಜನ ಬಿಟ್ಟುಹೋದ ಬೂಟುಗಳು ಅಲ್ಲಿ ನೇತಾಡುತ್ತವೆ. ಅಂಗಡಿಯವರು ಚೀಲ ಬಿಚ್ಚಿಸಿ, ಬೇಡದ್ದನ್ನು ಆರಿಸಿ ಮನೆಗೆ ಪಾರ್ಸೆಲ್ ಕಳಿಸಲು ಸಹಾಯ ಮಾಡುತ್ತಾರೆ.

ದೊಡ್ಡಪ್ಪ: ನಿನ್ನ ಗ್ರಾಂ ಲೆಕ್ಕ ಅಲ್ಲಿ ಪರೀಕ್ಷೆಗೆ ಬೀಳುತ್ತದೆ. ಅಂದ ಹಾಗೆ ಅವೆಲ್ಲ ಬೂಟುಗಳೇ ಅಂದೆಯಲ್ಲ? ಟ್ರೇಲ್ ರನ್ನರ್ ಒಂದೂ ಇಲ್ಲವಾ?

ಹುಡುಗಿ: ಅವೂ ಇವೆ. ದೊಡ್ಡಪ್ಪ, ಬಿಡುವ ವಿಷಯದಲ್ಲಿ ನಡೆಯುವವರದ್ದೊಂದು ನಿಯಮ ಇದೆ. ಮಳೆಯ ದಿನ ಬಿಡುವ ತೀರ್ಮಾನ ಮಾಡಬಾರದು. ಊರಿಗಿಳಿದು, ಉಂಡು, ಮಲಗಿ ಎದ್ದು, ಆಮೇಲೂ ಬೇಡ ಅನ್ನಿಸಿದರೆ ಬಿಡಬಹುದು.

ದೊಡ್ಡಪ್ಪ: ಅದು ಮನಸ್ಸಿನ ನಿಯಮ. ಮೂಳೆಗೆ ನನ್ನದೊಂದು ನಿಯಮ. ಒಂದೇ ಜಾಗದ ನೋವು ಮೂರನೇ ಬೆಳಿಗ್ಗೆಯೂ ಹಾಗೇ ಇದ್ದರೆ, ಬಿಸಿಲಿರಲಿ ಮಳೆಯಿರಲಿ, ನಿಲ್ಲಿಸು. ಒಂದು ವಾರ ಕೂತರೆ ನಡಿಗೆ ಉಳಿಯುತ್ತದೆ.

ಹುಡುಗಿ: ಒಪ್ಪಿದೆ. ಬೂಟಿಗೆ ಒಪ್ಪಲಿಲ್ಲ.

ಕಟಾಡಿನ್ ಇರುವ ಬ್ಯಾಕ್ಸ್‌ಟರ್ ಉದ್ಯಾನದಲ್ಲಿ ರಾತ್ರಿ ತಂಗುವ ಅವಕಾಶ ಅಕ್ಟೋಬರ್ 15ಕ್ಕೆ ಮುಗಿಯುತ್ತದೆ. ಮಾರ್ಚ್ ನಡುವಿನಿಂದ ಅಲ್ಲಿಗೆ ಏಳು ತಿಂಗಳು. ವಿಶ್ರಾಂತಿಯ ದಿನಗಳನ್ನೂ ಸೇರಿಸಿ ಸರಾಸರಿ ದಿನಕ್ಕೆ 17 ಕಿಲೋಮೀಟರ್ ನಡೆದರೆ ಸಾಕು.